ನ್ಯೂಜಿಲೆಂಡಿನ ಆಕ್ಲೆಂಡಿಗೆ ಬರ್ತಿರುವವರಿಗೆ: ಓಟಿನ ವಿಷಯ

ಮುಂದಿನ ತಿಂಗಳು ರೆಸಿಡೆಂಟ್ ವೀಸಾದಲ್ಲಿ ಕುಟುಂಬ ಸಮೇತ ಬರ್ತಿದ್ದೀರಿ ಅಂತ ತಿಳಿದು ಖುಷಿಯಾಯಿತು. ಬಾಡಿಗೆ, ಶಾಲೆ, ಚಳಿ ಎಲ್ಲ ಕೇಳಿ, ಕೊನೆಗೆ 'ಪೌರತ್ವ ಇಲ್ಲದಿದ್ದರೂ ಅಲ್ಲಿ ಓಟು ಹಾಕಬಹುದಂತೆ, ನಿಜವಾ? ಹೊರಗಿನಿಂದ ಬಂದ ನಮ್ಮ ಒಂದು ಓಟಿನಿಂದ ಏನಾಗುತ್ತೆ?' ಅಂತ ಕೇಳಿದ್ದೀರಿ.

ಮೊದಲಿನವು ಬೇಗ ಮುಗಿಯುತ್ತವೆ. ಇಲ್ಲಿ ಉತ್ತರಕ್ಕೆ ಮುಖ ಮಾಡಿದ ಮನೆಗೆ ಬಿಸಿಲು ಜಾಸ್ತಿ, ಅಂಥದ್ದನ್ನೇ ಹುಡುಕಿ. ಹಲವು ಶಾಲೆಗಳಿಗೆ ಝೋನ್ ಇದೆ, ಅಂದರೆ ಆ ಪ್ರದೇಶದೊಳಗೆ ಮನೆ ಇರುವ ಮಕ್ಕಳಿಗೇ ಮೊದಲ ಆದ್ಯತೆ. ಹಾಗಾಗಿ ಮೊದಲು ಶಾಲೆ ನೋಡಿ, ಆಮೇಲೆ ಮನೆ.

ಓಟಿನ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಹೌದು, ನಿಜ. 18 ತುಂಬಿದ, ರೆಸಿಡೆಂಟ್ ವೀಸಾ ಇರುವ, ಇಲ್ಲಿ ಸತತ 12 ತಿಂಗಳು ಬದುಕಿದ ಯಾರಿಗೇ ಆದರೂ ಓಟಿದೆ. ಭಾರತದ ಪಾಸ್‌ಪೋರ್ಟ್ ಬಿಡಬೇಕಾಗಿಲ್ಲ. ಹೆಸರು ನೋಂದಾಯಿಸುವುದು ಕಡ್ಡಾಯ, ಓಟು ಹಾಕುವುದು ನಿಮ್ಮಿಷ್ಟ.

ನಾನು ಇಲ್ಲಿ ಮೊದಲು ಓಟು ಹಾಕಿದ್ದು 2011ರ ನವೆಂಬರ್‌ನಲ್ಲಿ, ಮನೆ ಹತ್ತಿರದ ಶಾಲೆಯ ಹಾಲ್‌ನಲ್ಲಿ. ರಟ್ಟಿನ ಮರೆಯ ಹಿಂದೆ ಕಿತ್ತಳೆ ಬಣ್ಣದ ಪೆನ್ ಇತ್ತು. ಮತಪತ್ರದಲ್ಲಿ ಎರಡು ಸಾಲು. ಎಡಗಡೆ ಪಕ್ಷಕ್ಕೆ ಒಂದು ಓಟು, ಬಲಗಡೆ ನಮ್ಮ ಕ್ಷೇತ್ರದ ಅಭ್ಯರ್ಥಿಗೆ ಒಂದು. ಅವತ್ತು ಇನ್ನೊಂದು ಕಾಗದವನ್ನೂ ಕೊಟ್ಟಿದ್ದರು. ಈ ಪದ್ಧತಿಯನ್ನೇ ಇಟ್ಟುಕೊಳ್ಳೋಣವಾ, ಬದಲಿಸೋಣವಾ ಅಂತ ಜನಮತಗಣನೆ. ಬಂದು ಎರಡು ವರ್ಷವಾಗಿದ್ದ ನನ್ನನ್ನೂ ಕೇಳಿದ್ದರು! ಇಟ್ಟುಕೊಳ್ಳೋಣ ಅಂತ ಗುರುತು ಹಾಕಿದೆ. ನೂರಕ್ಕೆ 57ಕ್ಕಿಂತ ಹೆಚ್ಚು ಜನ ಹಾಗೇ ಹಾಕಿದ್ದರು.

ಯಾಕೆ ಹಾಗೆ ಹಾಕಿದೆ ಅನ್ನುವುದಕ್ಕೆ ಪಕ್ಕದ ಮನೆಯ ಅಜ್ಜ ಕಾರಣ. ಅವರು 1981ರಲ್ಲಿ ಸೋಷಿಯಲ್ ಕ್ರೆಡಿಟ್ ಅನ್ನುವ ಪಕ್ಷಕ್ಕೆ ಓಟು ಹಾಕಿದ್ದರು. ಆಗ ಇಲ್ಲೂ ನಮ್ಮಲ್ಲಿಯ ಹಾಗೇ, ಕ್ಷೇತ್ರದಲ್ಲಿ ಮುಂದಿದ್ದವನೇ ಗೆಲ್ಲುತ್ತಿದ್ದ. ಆ ಪಕ್ಷಕ್ಕೆ ನೂರಕ್ಕೆ 20ಕ್ಕಿಂತ ಹೆಚ್ಚು ಓಟು ಬಿತ್ತು. ಸಿಕ್ಕಿದ್ದು 92ರಲ್ಲಿ ಎರಡು ಸೀಟು. 1978 ಮತ್ತು 1981, ಎರಡೂ ಸಲ ಲೇಬರ್ ಪಕ್ಷಕ್ಕೆ ಓಟು ಹೆಚ್ಚು ಬಂತು, ಸರ್ಕಾರ ಮಾಡಿದ್ದು ನ್ಯಾಷನಲ್ ಪಕ್ಷ. ಇದು ನಮಗೆ ಹೊಸದಲ್ಲ ಅಲ್ವಾ? 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ನೂರಕ್ಕೆ 38 ಓಟು, ಬಿಜೆಪಿಗೆ 36. ಸೀಟು ನೋಡಿದರೆ ಬಿಜೆಪಿಗೆ 104, ಕಾಂಗ್ರೆಸ್‌ಗೆ 80ರ ಆಸುಪಾಸು. ನೀವು ಯಾವ ಪಕ್ಷದವರೇ ಆಗಿರಿ, ಆ ಲೆಕ್ಕ ಸರಿ ಅಂತ ನನಗೆ ಹೇಳಲಾಗುವುದಿಲ್ಲ.

ಇಲ್ಲಿಯ ಜನ 1993ರಲ್ಲಿ ಜನಮತಗಣನೆಯಲ್ಲೇ ಇದನ್ನು ಬದಲಿಸಿದರು. 1996ರಿಂದ ಎಂಎಂಪಿ ಪದ್ಧತಿ, ಅಂದರೆ ಪಕ್ಷಕ್ಕೆ ಬಿದ್ದ ಓಟಿನ ಪಾಲಿಗೆ ತಕ್ಕಷ್ಟು ಸೀಟು. ಸದನದಲ್ಲಿ ಸಾಮಾನ್ಯವಾಗಿ 120 ಸೀಟು. ಪಕ್ಷಕ್ಕೆ ನೂರಕ್ಕೆ ಹತ್ತು ಓಟು ಬಂದರೆ ಹೆಚ್ಚುಕಡಿಮೆ 12 ಸೀಟು. ಕ್ಷೇತ್ರಗಳಲ್ಲಿ ಐದು ಗೆದ್ದಿದ್ದರೆ ಉಳಿದ ಏಳನ್ನು ಪಕ್ಷ ಚುನಾವಣೆಗೆ ಮೊದಲೇ ಕೊಟ್ಟ ಹೆಸರುಗಳ ಪಟ್ಟಿಯಿಂದ ತುಂಬುತ್ತಾರೆ. ನಾನು ಮೆಚ್ಚುವ ಪಕ್ಷದ ಅಭ್ಯರ್ಥಿ ನಮ್ಮ ಕ್ಷೇತ್ರದಲ್ಲಿ ಒಮ್ಮೆಯೂ ಗೆದ್ದಿಲ್ಲ. ಆದರೂ ನನ್ನ ಪಾರ್ಟಿ ಓಟು ಪ್ರತಿ ಸಲವೂ ಲೆಕ್ಕಕ್ಕೆ ಬಂದಿದೆ. ನಿಮ್ಮ ಒಂದು ಓಟಿನಿಂದ ಏನಾಗುತ್ತೆ ಅಂದಿರಲ್ಲ, ಇದೇ ಆಗುತ್ತೆ.

ಇನ್ನೊಂದು ಮಾತು, ನಮ್ಮಂಥವರಿಗೆ ಹತ್ತಿರದ್ದು. ಇಲ್ಲಿಯ ಮೊದಲ ಏಷ್ಯನ್ ಮೂಲದ ಸಂಸದೆ ಪ್ಯಾನ್ಸಿ ವಾಂಗ್ 1996ರಲ್ಲಿ ಬಂದದ್ದು ಪಟ್ಟಿಯಿಂದಲೇ. ಭಾರತೀಯ ಮೂಲದ ಮೊದಲ ಸಚಿವೆ ಪ್ರಿಯಾಂಕಾ ರಾಧಾಕೃಷ್ಣನ್ 2017ರಲ್ಲಿ ಸದನಕ್ಕೆ ಬಂದದ್ದೂ ಹಾಗೇ. ಊರೂರಿನಲ್ಲಿ ಚದುರಿಹೋದ ಸಣ್ಣ ಸಮುದಾಯ ತನ್ನವರನ್ನು ಒಂದೇ ಕ್ಷೇತ್ರದಲ್ಲಿ ಗೆಲ್ಲಿಸುವುದು ಬಹಳ ಕಷ್ಟ.

ಹೀಗೆ ಸೀಟು ಹಂಚಿದರೆ ಹಲವು ಪಕ್ಷ ಸೇರಿ ಖಿಚಡಿ ಸರ್ಕಾರ ಮಾಡಬೇಕಾಗುತ್ತೆ, ಅದು ಬೇಗ ಬೀಳುತ್ತೆ ಅನ್ನುವ ಹೆದರಿಕೆ ನನಗೂ ಇತ್ತು. 1998ರಲ್ಲಿ ಒಂದು ಮೈತ್ರಿ ಮುರಿಯಿತು, ಸರ್ಕಾರ ಮಾತ್ರ 1999ರ ಚುನಾವಣೆವರೆಗೆ ನಡೆಯಿತು. ಚುನಾವಣೆಗಳು ಮೂರು ವರ್ಷಕ್ಕೊಮ್ಮೆ ಬರುತ್ತಲೇ ಇವೆ, 2002ರದ್ದು ಮಾತ್ರ ಕೆಲವು ತಿಂಗಳು ಮುಂಚೆ ಆಯಿತು.

ಎಲ್ಲವೂ ಸರಿಯಿದೆ ಅಂತಲ್ಲ. ಓಟಿನ ಪಾಲಿನಂತೆ ಸೀಟು ಸಿಗಲು ಪಕ್ಷಕ್ಕೆ ನೂರಕ್ಕೆ ಐದು ಓಟಾದರೂ ಬೇಕು, ಇಲ್ಲವೇ ಒಂದು ಕ್ಷೇತ್ರ ಗೆಲ್ಲಬೇಕು. 2008ರಲ್ಲಿ ನ್ಯೂಜಿಲೆಂಡ್ ಫಸ್ಟ್ ಪಕ್ಷಕ್ಕೆ ನೂರಕ್ಕೆ ನಾಲ್ಕು ಬಂದರೂ ಒಂದೂ ಸೀಟಿಲ್ಲ. ಅದಕ್ಕಿಂತ ಕಡಿಮೆ ಓಟಿನ ಆ್ಯಕ್ಟ್ ಪಕ್ಷ ಎಪ್ಸಮ್ ಕ್ಷೇತ್ರ ಗೆದ್ದಿತ್ತು, ಹಾಗಾಗಿ ಅದಕ್ಕೆ ಐದು ಸೀಟು. ಇದನ್ನು ಸರಿಮಾಡಿ, ಮಿತಿಯನ್ನು ನಾಲ್ಕಕ್ಕೆ ಇಳಿಸಿ ಅಂತ 2012ರಲ್ಲಿ ಚುನಾವಣಾ ಆಯೋಗವೇ ಹೇಳಿತು. ಆಗಲಿಲ್ಲ. ನನಗೆ ಈಗಲೂ ಬೇಸರವಿದೆ.

ಬಂದ ದಿನಾಂಕ ಬರೆದಿಟ್ಟುಕೊಳ್ಳಿ, ಒಂದು ವರ್ಷ ತುಂಬಿದ ಕೂಡಲೇ ನೋಂದಣಿ ಫಾರ್ಮ್ ತುಂಬಿ. ಎರಡು ಓಟಲ್ಲಿ ಯಾವುದು ಯಾವುದಕ್ಕೆ ಅಂತ ಮೊದಲ ಸಲ ಎಲ್ಲರಿಗೂ ಗೊಂದಲವಾಗುತ್ತೆ. ಒಂದು ಸಂಜೆ ಮನೆಗೆ ಬನ್ನಿ, ಕಾಫಿ ಕುಡೀತಾ ಕಾಗದದ ಮೇಲೆ ಬರೆದು ತೋರಿಸುತ್ತೇನೆ.