ತೋಪು ಹೂವಿನಲ್ಲಿದ್ದಾಗ

ಅಮೆರಿಕದ ಟೆಕ್ಸಸ್ ರಾಜ್ಯದ ಫ್ರಿಸ್ಕೋ ಊರಿನಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕತ್ತರಿಸಿ ಇಷ್ಟು ಕೊಡುತ್ತಿದ್ದೇನೆ:

"ನಮ್ಮೂರಲ್ಲಿ ರಫ್‌ರೈಡರ್ಸ್ ಅಂತ ಮೈನರ್ ಲೀಗ್, ಅಂದರೆ ಕೆಳಹಂತದ, ಬೇಸ್‌ಬಾಲ್ ತಂಡ ಇದೆ. ಬೇಸಿಗೆಯಲ್ಲಿ ನಾವು ನಾಲ್ಕು ಜನ ಕನ್ನಡದ ಗೆಳೆಯರು ಆಟ ನೋಡಲು ಹೋಗುತ್ತೇವೆ. 2024ರಲ್ಲಿ ಕುಮಾರ್ ರಾಕರ್ ಎಂಬ ಪಿಚರ್ (ಚೆಂಡು ಎಸೆಯುವವನು) ಇಲ್ಲಿ ಆಡಿದ. ಅವನ ತಾಯಿ ಭಾರತೀಯ ಮೂಲದವರು. ನಮ್ಮ ಹುಡುಗ ದೊಡ್ಡ ಆಟಗಾರ ಆಗ್ತಾನೆ ಅಂತ ನಾನು, ಆಗಲ್ಲ ಅಂತ ಗೆಳೆಯ. ಒಂದು ಊಟಕ್ಕೆ ಪಂಥ ಕಟ್ಟಿದೆವು. ಅದೇ ಸೆಪ್ಟೆಂಬರಿನಲ್ಲಿ ಅವನು ಟೆಕ್ಸಸ್ ರೇಂಜರ್ಸ್ ಪರವಾಗಿ ಮೇಜರ್ ಲೀಗಿಗೆ, ಅಂದರೆ ಎಲ್ಲಕ್ಕಿಂತ ಮೇಲಿನ ಹಂತಕ್ಕೆ, ಬಂದ. ಊಟ ನನ್ನದು ಅಂದೆ. 2025ರಲ್ಲಿ ಬ್ಯಾಟ್ ಹಿಡಿದವರಿಂದ ಚೆನ್ನಾಗಿ ಏಟು ತಿಂದು ಮತ್ತೆ ಮೈನರ್ ಲೀಗಿಗೆ ಇಳಿದ. ಈಗ ಗೆಳೆಯ ಊಟ ತನ್ನದು ಅಂತಾನೆ. ಗೆದ್ದವರು ಯಾರು, ನೀವೇ ಹೇಳಿ. ಮಗನನ್ನು ಕೇಳೋಣ ಅಂದರೆ ಅವನು ಸ್ಟೇಡಿಯಮ್ಮಿನಲ್ಲಿರುವ ಈಜುಕೊಳ ಬಿಟ್ಟು ಬರೋದೇ ಇಲ್ಲ."

ಓದುಗರೇ, ನಿಮ್ಮ ಪತ್ರ ನೋಡಿ ನಮ್ಮ ಉಪಸಂಪಾದಕರು ನಕ್ಕರು. ಬೇಸ್‌ಬಾಲ್ ಜಗಳ ಬಗೆಹರಿಸೋಕೆ ಇವರಿಗೆ ಕನ್ನಡ ಪತ್ರಿಕೆಯೇ ಸಿಕ್ಕಿತಾ ಅಂದರು. ನಗಲಿ ಬಿಡಿ. ನೀವು ನನ್ನ ಹಳೇ ಹುಣ್ಣನ್ನೇ ಕೆರೆದಿದ್ದೀರಿ. ಹಾಗಾಗಿ ಈ ಸಲ ಬೇರೆ ಪತ್ರಗಳಿಗೆ ಜಾಗ ಇಲ್ಲ.

ಮೊದಲು ನಿಮ್ಮ ಗೆಳೆಯರ ಪರವಾಗಿ ಒಂದು ಮಾತು ಹೇಳಿ ಮುಗಿಸಿಬಿಡುತ್ತೇನೆ. ಅವರು ಪೂರ್ತಿ ತಪ್ಪಲ್ಲ. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಡ್ರಾಫ್ಟಿನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ಕುಮಾರನನ್ನು ಹತ್ತನೆಯವನಾಗಿ ಆರಿಸಿತು. ವೈದ್ಯಕೀಯ ಪರೀಕ್ಷೆ ಆದಮೇಲೆ ಕರಾರೇ ಬೇಡ ಅಂತ ಕೈ ಬಿಟ್ಟಿತು. ಆ ಸೆಪ್ಟೆಂಬರಿನಲ್ಲಿ ಅವನ ಭುಜಕ್ಕೆ ಸಣ್ಣ ಶಸ್ತ್ರಚಿಕಿತ್ಸೆ ಆಯಿತು. 2023ರಲ್ಲಿ ಮೊಣಕೈಗೆ ದೊಡ್ಡದೇ ಆಯಿತು. ಆಟಗಾರರು ಟಾಮಿ ಜಾನ್ ಸರ್ಜರಿ ಅನ್ನುತ್ತಾರಲ್ಲ, ಅದು. ಲೆಕ್ಕ ಹಾಕುವವರು ಸುಮ್ನೆ ಹಾಕುವುದಿಲ್ಲ, ಒಪ್ಪಿದೆ.

ಈಗ ನನ್ನ ಮಾತು. ನಮ್ಮ ಸೋದರಮಾವ ಶ್ರೀನಿವಾಸಪುರದ ಕಡೆ ಮಾವಿನ ತೋಪು ಗುತ್ತಿಗೆ ಹಿಡಿಯುತ್ತಿದ್ದರು. ಅಲ್ಲಿ ಎಷ್ಟೋ ವ್ಯಾಪಾರ ಹೂವಿನಲ್ಲೇ ಮುಗಿದುಹೋಗುತ್ತದೆ. ಮರದ ಕೆಳಗೆ ನಿಂತು ಹೂ ನೋಡಬೇಕು, ಇಷ್ಟು ಅಂತ ಹೇಳಬೇಕು, ಮುಂಗಡ ಕೊಡಬೇಕು. ಆಮೇಲೆ ಜಿಗಿಹುಳ ಬರಬಹುದು. ಪಿಂದೆ ಕಟ್ಟಿದ ಮೇಲೆ ಆಲಿಕಲ್ಲು ಬೀಳಬಹುದು. ಒಂದು ವರ್ಷ ಹಾಗೇ ಆಗಿ ಅತ್ತೆಯ ಬಳೆ ಅಡ ಇಡಬೇಕಾಯಿತು. ಆದರೂ ಮಾವ ಮರವನ್ನು ಬೈದಿದ್ದು ನಾನು ಕೇಳಿಲ್ಲ. ಅಂದಾಜು ಅವರದು, ದುಡ್ಡೂ ಅವರದು, ನಷ್ಟವೂ ಅವರದು.

ಬೇಸ್‌ಬಾಲಿನಲ್ಲಿ ಪ್ರಾಸ್ಪೆಕ್ಟ್, ಅಂದರೆ ಮುಂದೆ ದೊಡ್ಡವನಾಗಬಹುದಾದ ಹುಡುಗ, ಅನ್ನುವುದೂ ಹೂವಿನ ವ್ಯಾಪಾರವೇ. ಹದಿನೆಂಟು ಹತ್ತೊಂಬತ್ತರ ಹುಡುಗನನ್ನು ಸ್ಕೌಟುಗಳು, ತಂಡಗಳಿಗೆ ಆಟಗಾರರನ್ನು ಹುಡುಕುವವರು, ಬಂದು ನೋಡುತ್ತಾರೆ. ಬ್ಯಾಟು, ಬಲ, ಓಟ, ತೋಳು, ಫೀಲ್ಡಿಂಗ್, ಎಲ್ಲಕ್ಕೂ 20ರಿಂದ 80ರವರೆಗೆ ಅಂಕ. ಅದನ್ನು ಹಿಡಿದು ಪತ್ರಿಕೆಗಳು ನೂರು ಹೆಸರಿನ ಪಟ್ಟಿ ಮಾಡುತ್ತವೆ. ಅಭಿಮಾನಿಗಳು ಆ ಪಟ್ಟಿ ಮುಂದಿಟ್ಟುಕೊಂಡು ರಾತ್ರಿಯಿಡೀ ಕಿತ್ತಾಡುತ್ತಾರೆ: ಇವನನ್ನು ಇಟ್ಟುಕೊಳ್ಳೋಣ, ಅವನನ್ನು ಕೊಟ್ಟು ಒಬ್ಬ ಅನುಭವಿಯನ್ನು ತರೋಣ. ಇಲ್ಲಿ ಅಂದಾಜು ತಪ್ಪಿದರೆ ಬಳೆ ಯಾರದು ಹೋಗುತ್ತದೆ? ಪಟ್ಟಿ ಮಾಡಿದವನದಂತೂ ಅಲ್ಲ. ನಿಮ್ಮದು ಒಂದು ಊಟ. ಹೋಗುವುದು ಆ ಹುಡುಗನದು. ಬರೋ ವರ್ಷ ಹೊಸ ಪಟ್ಟಿ, ಹೊಸ ಹುಡುಗ.

'ಬೇಸ್‌ಬಾಲ್ ಅಮೆರಿಕ' ಪತ್ರಿಕೆಯ ನೂರರ ಪಟ್ಟಿಯಲ್ಲಿ 1992ರಲ್ಲಿ ಮೊದಲ ಹೆಸರು ಬ್ರಯನ್ ಟೇಲರ್. ಹಿಂದಿನ ವರ್ಷದ ಡ್ರಾಫ್ಟಿನಲ್ಲೂ ಅವನೇ ಮೊದಲು. ಯಾಂಕೀಸ್ ತಂಡ ಅವನಿಗೆ ಕೊಟ್ಟಿದ್ದು 15.5 ಲಕ್ಷ ಡಾಲರ್. 1993ರ ಡಿಸೆಂಬರಿನಲ್ಲಿ ಒಂದು ಹೊಡೆದಾಟದಲ್ಲಿ ಭುಜ ಹಾಳಾಯಿತು. ಮೇಜರ್ ಲೀಗಿನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಇನ್ನೊಂದು ಕಡೆ ಮೈಕ್ ಪಿಯಾಜ್ಜಾ. 1988ರ ಡ್ರಾಫ್ಟಿನಲ್ಲಿ 1,390ನೆಯವನು! ಅದೂ ಅಪ್ಪನ ಗೆಳೆಯ ಡಾಡ್ಜರ್ಸ್ ತಂಡದ ಮ್ಯಾನೇಜರ್ ಆಗಿದ್ದರಿಂದ ಸಿಕ್ಕ ಜಾಗ. ಅವನು ಆಟದ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದ. ವಶೀಲಿಯಿಂದಲೂ ಒಮ್ಮೊಮ್ಮೆ ಒಳ್ಳೆಯದಾಗುತ್ತದೆ, ಅದನ್ನು ಇಲ್ಲಿ ಜಾಸ್ತಿ ಬೆಳೆಸುವುದು ಬೇಡ.

ನಿಮ್ಮ ಗೆಳೆಯರಂಥ ಲೆಕ್ಕದ ಜನರಿಗೆ ನಾನು ಹೇಳಬೇಕೆಂದಿರುವ ಕಥೆ ಬೇರೆ. 1990ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡಕ್ಕೆ ಆ ವರ್ಷದ ಕೊನೆಯವರೆಗೆ ಒಬ್ಬ ಪಿಚರ್ ಬೇಕಾಗಿದ್ದ. ಲ್ಯಾರಿ ಆಂಡರ್ಸನ್ ಎಂಬ ಮೂವತ್ತೇಳರ ಅನುಭವಿಯನ್ನು ಹ್ಯೂಸ್ಟನ್ನಿನಿಂದ ತಂದರು. ಬದಲಿಗೆ ಕೊಟ್ಟಿದ್ದು ಡಬಲ್ ಎ ಮಟ್ಟದಲ್ಲಿ (ಮೇಜರ್ ಲೀಗಿಗಿಂತ ಎರಡು ಮೆಟ್ಟಿಲು ಕೆಳಗೆ, ನಿಮ್ಮ ರಫ್‌ರೈಡರ್ಸ್ ಇರುವ ಮಟ್ಟ) ಆಡುತ್ತಿದ್ದ ಜೆಫ್ ಬ್ಯಾಗ್‌ವೆಲ್ ಎಂಬ ಹುಡುಗನನ್ನು. ಬಾಸ್ಟನ್ನಿನಲ್ಲೇ ಹುಟ್ಟಿದವನು. ಆ ವರ್ಷ ಅವನು ಹೊಡೆದದ್ದು ನಾಲ್ಕೇ ಹೋಮ್ ರನ್ (ಬೇಲಿ ದಾಟುವ ಹೊಡೆತ). ಬಲ ಇಲ್ಲ ಅಂತ ಬರೆದುಕೊಂಡರು. ಆ ಮೈದಾನ ಎಷ್ಟು ದೊಡ್ಡದು, ಹುಡುಗ ಎಷ್ಟು ಡಬಲ್ (ಎರಡನೇ ಬೇಸ್ ಮುಟ್ಟಿಸುವ ಹೊಡೆತ) ಹೊಡೆದಿದ್ದಾನೆ ಅಂತ ಕೂತು ನೋಡಿದವರಿಗೆ ಗೊತ್ತಿತ್ತು. ಆಂಡರ್ಸನ್ ಬಾಸ್ಟನ್ನಿಗಾಗಿ ಎಸೆದದ್ದು 22 ಇನ್ನಿಂಗ್ಸ್. ಚೆನ್ನಾಗಿಯೇ ಎಸೆದ, ಪಾಪ. ಬ್ಯಾಗ್‌ವೆಲ್ ಹ್ಯೂಸ್ಟನ್ನಿನಲ್ಲಿ ಹದಿನೈದು ವರ್ಷ ಆಡಿ 449 ಹೋಮ್ ರನ್ ಹೊಡೆದ.

ಅವನನ್ನು ಬಿಟ್ಟುಕೊಡಲು ಒಂದು ಕಾರಣ ಇತ್ತು. ಅವನು ಆಡುತ್ತಿದ್ದ ಮೂರನೇ ಬೇಸಿನ ಜಾಗ ಬಾಸ್ಟನ್ನಿನಲ್ಲಿ ಖಾಲಿ ಇರಲಿಲ್ಲ. ಅಲ್ಲಿ ವೇಡ್ ಬಾಗ್ಸ್ ಕೂತಿದ್ದ. ತಮಾಷೆ ನೋಡಿ, ಈ ಬಾಗ್ಸ್ ಕೂಡ ಒಂದು ಕಾಲದಲ್ಲಿ ಯಾರಿಗೂ ಬೇಡವಾಗಿದ್ದವನೇ. ಡ್ರಾಫ್ಟಿನ ಏಳನೇ ಸುತ್ತಿನಲ್ಲಿ ಬಂದು, ಮೈನರ್ ಲೀಗಿನಲ್ಲಿ ಆರು ಬೇಸಿಗೆ ಸವೆಸಿದ. 1981ರಲ್ಲಿ ರೋಡ್ ಐಲೆಂಡಿನ ಪಾಟಕೆಟ್ ಎಂಬ ಊರಿನಲ್ಲಿ ವೃತ್ತಿಪರ ಬೇಸ್‌ಬಾಲಿನ ಅತಿ ಉದ್ದದ ಆಟ ನಡೆಯಿತಲ್ಲ, ಅದರಲ್ಲಿ ಅವನಿದ್ದ. ಮಾಮೂಲಿ ಆಟಕ್ಕೆ ಒಂಬತ್ತು ಇನ್ನಿಂಗ್ಸ್. ಆವತ್ತು 32 ಆದರೂ ಮುಗಿಯಲಿಲ್ಲ. ಬೆಳಗಿನ ಜಾವ ನಾಲ್ಕು ದಾಟಿತ್ತು. ಏಪ್ರಿಲ್ ತಿಂಗಳ ಚಳಿ. ಮುರಿದ ಬ್ಯಾಟುಗಳನ್ನು ಸುಟ್ಟು ಆಟಗಾರರು ಕೈ ಕಾಸಿಕೊಂಡರು. ಆಟ ನಿಲ್ಲಿಸಿದಾಗ ಉಳಿದಿದ್ದ ಪ್ರೇಕ್ಷಕರು 19 ಜನ.

ಆ ಹತ್ತೊಂಬತ್ತು ಜನರೆಂದರೆ ನನಗೆ ಬಹಳ ಗೌರವ. ಅವರ ಕೈಯಲ್ಲಿ ಪಟ್ಟಿ ಇದ್ದಿರಲಾರದು.

ಜೂನ್ 23ಕ್ಕೆ ಆಟ ಮುಂದುವರಿಯಿತು. 33ನೇ ಇನ್ನಿಂಗ್ಸಿನಲ್ಲಿ, ಹದಿನೆಂಟೇ ನಿಮಿಷದಲ್ಲಿ, ಡೇವ್ ಕೋಜಾ ಎಂಬಾತ ಹೊಡೆದು ಪಾಟಕೆಟ್ಟನ್ನು ಗೆಲ್ಲಿಸಿದ. ಎದುರು ತಂಡದಲ್ಲಿದ್ದ ಕ್ಯಾಲ್ ರಿಪ್ಕನ್ ಅದೇ ಆಗಸ್ಟಿನಲ್ಲಿ ಮೇಜರ್ ಲೀಗಿಗೆ ಹೋದ. ಮುಂದಿನ ವರ್ಷ ಬಾಗ್ಸ್ ಹೋದ. ಇಬ್ಬರೂ ಹಾಲ್ ಆಫ್ ಫೇಮ್ ಸೇರಿದರು. ಆಟ ಗೆಲ್ಲಿಸಿದ ಕೋಜಾ ಮಾತ್ರ ಮೇಲೆ ಹೋಗಲೇ ಇಲ್ಲ. ನಿಮ್ಮ ಪಂಥದ ಪ್ರಕಾರ ಅವನು ಸೋತವನು. ಆದರೆ ಈ ಕಥೆಯಲ್ಲಿ ನನಗೆ ಇಷ್ಟವಾಗುವವನು ಅವನೇ.

ಈಗ ನಿಮ್ಮನ್ನೂ ಸ್ವಲ್ಪ ಬೈಯಬೇಕು. ಪತ್ರದಲ್ಲಿ "ನಮ್ಮ ಹುಡುಗ" ಅಂತ ಏಳು ಕಡೆ ಬರೆದಿದ್ದೀರಿ. ಎಣಿಸಿದೆ. ತಾಯಿಯ ಕಡೆಯ ಅಜ್ಜ-ಅಜ್ಜಿ ಭಾರತದಿಂದ ಹೋದವರು, ನಿಜ. ಹೆಸರು ಕುಮಾರ, ಅದೂ ನಿಜ. ಅಪ್ಪ ಟ್ರೇಸಿ ರಾಕರ್ ಅಮೆರಿಕದ ಫುಟ್‌ಬಾಲಿನಲ್ಲಿ ಹೆಸರು ಮಾಡಿದವರು. ಅವರ ಬಗ್ಗೆ ನಾಲ್ಕು ಪುಟದಲ್ಲಿ ಒಂದು ಸಾಲೂ ಇಲ್ಲ. ಹುಡುಗ ಚೆನ್ನಾಗಿ ಎಸೆದರೆ ನಮ್ಮವನು, ಏಟು ತಿಂದರೆ ಅವರವನು, ಅಲ್ವಾ? 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರನ್ನೂ ಹೀಗೇ ಹೊತ್ತು ಮೆರೆಸಿದ್ದೆವು. ಭರ್ಚಿ ಎಸೆಯುತ್ತಿದ್ದ ಹುಡುಗರು. ಟಿವಿ ಸ್ಪರ್ಧೆಯೊಂದರಲ್ಲಿ ಮೊದಲ ಎರಡು ಸ್ಥಾನ ಪಡೆದು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಕರಾರಿಗೆ ಸಹಿ ಹಾಕಿದರು. ಇಬ್ಬರೂ ಮೇಜರ್ ಲೀಗಿಗೆ ಹೋಗಲಿಲ್ಲ. ಆಮೇಲೆ ಎಷ್ಟು ಪತ್ರಿಕೆಗಳು ಅವರನ್ನು ಹುಡುಕಿಕೊಂಡು ಹೋದವು? ನಮ್ಮದೂ ಹೋಗಲಿಲ್ಲ.

ಕುಮಾರನನ್ನು ಮೆಚ್ಚಲು ಬೇಕಾದಷ್ಟು ಕಾರಣ ಇದೆ. 2019ರಲ್ಲಿ, ಕಾಲೇಜಿನ ಮೊದಲ ವರ್ಷದಲ್ಲೇ, ಡ್ಯೂಕ್ ತಂಡಕ್ಕೆ ಒಂದೇ ಒಂದು ಹಿಟ್ (ಬೇಸ್ ಮುಟ್ಟಿಸುವ ಹೊಡೆತ) ಕೂಡ ಕೊಡದೆ 19 ಸಲ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್) ಮಾಡಿದ. ಆದರೆ ನಾನು ಮೆಚ್ಚುವುದು 2022ರ ಬೇಸಿಗೆಯನ್ನು. ಮೆಟ್ಸ್ ತಂಡ ಬೇಡ ಅಂದಿತ್ತು. ಭುಜಕ್ಕೆ ಕತ್ತರಿ ಬಿದ್ದಿತ್ತು. ಊರೆಲ್ಲ ಅವನ ಕಥೆ ಮುಗಿಯಿತು ಅನ್ನುತ್ತಿತ್ತು. ಆಗ ಅವನು ಟ್ರೈ-ಸಿಟಿ ವ್ಯಾಲಿಕ್ಯಾಟ್ಸ್ ಎಂಬ ಸಣ್ಣ ತಂಡಕ್ಕೆ ಹೋಗಿ ಐದು ಆಟ ಎಸೆದ. 20 ಇನ್ನಿಂಗ್ಸ್, 32 ಸ್ಟ್ರೈಕ್ ಔಟ್. ಆ ವರ್ಷದ ಡ್ರಾಫ್ಟಿನಲ್ಲಿ ರೇಂಜರ್ಸ್ ಅವನನ್ನು ಮೂರನೆಯವನಾಗಿ ಆರಿಸಿತು. ಹತ್ತರಿಂದ ಮೂರಕ್ಕೆ! ಕಾಯಿಲೆ ಬಿದ್ದ ಮರ ಮಾರನೇ ವರ್ಷ ಜಾಸ್ತಿ ಹೂ ಬಿಟ್ಟ ಹಾಗೆ. ಮಾವ ಇದ್ದಿದ್ದರೆ ಮರದ ಕೆಳಗೆ ಇನ್ನೊಂದು ಸುತ್ತು ಹಾಕುತ್ತಿದ್ದರು.

ನಾನು ಈ ಆಟವನ್ನು ಮೈದಾನದಲ್ಲಿ ಕೂತು ನೋಡಿದ್ದು ಒಂದೇ ಸಲ. ಬಹಳ ಹಿಂದೆ ಮಗಳ ಮನೆಗೆ ಹೋದಾಗ, ಪಕ್ಕದ ಸಣ್ಣ ಊರಿನಲ್ಲಿ. ನಿಯಮ ಅರ್ಥವಾಗಲಿಲ್ಲ. ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ ಪೆನ್ಸಿಲ್ ಹಿಡಿದು ಸ್ಕೋರು ಬರೆಯುತ್ತಿದ್ದರು. ಇಪ್ಪತ್ತು ವರ್ಷದಿಂದ ಬೇಸಿಗೆಯಲ್ಲಿ ಆಟಗಾರ ಹುಡುಗರಿಗೆ ಮನೆಯ ಹಿಂದಿನ ಕೋಣೆ ಬಿಟ್ಟುಕೊಡುತ್ತಿದ್ದರಂತೆ, ಬಾಡಿಗೆ ಇಲ್ಲದೆ. ಆ ಹುಡುಗರ ಸಂಬಳದಲ್ಲಿ ಬೇರೆ ಮನೆ ಹಿಡಿಯುವ ಹಾಗಿರಲಿಲ್ಲ. ಎಷ್ಟು ಜನ ಮೇಲೆ ಹೋದರು ಅಂತ ಕೇಳಿದೆ. ಇಬ್ಬರು ಅಂದರು. ಆ ಇಬ್ಬರ ಹೆಸರು ನೆನಪಿಸಿಕೊಳ್ಳಲು ತಡಮಾಡಿದರು. ಆದರೆ ದಿನಾ ಪಾತ್ರೆ ತೊಳೆದಿಟ್ಟು ಮಲಗುತ್ತಿದ್ದ ಒಬ್ಬನ ಬಗ್ಗೆ ಎರಡು ಇನ್ನಿಂಗ್ಸ್ ಮುಗಿಯುವವರೆಗೆ ಮಾತಾಡಿದರು.

ಸಂಬಳದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2018ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಮೈನರ್ ಲೀಗಿನ ಹುಡುಗರಿಗೆ ವಾರಕ್ಕೆ 40 ಗಂಟೆಯ ಕೂಲಿ ಕೊಟ್ಟರೆ ಸಾಕು, ಅದರಾಚೆಗಿನ ದುಡಿಮೆಗೆ ಏನೂ ಕೊಡಬೇಕಿಲ್ಲ ಅಂತ. ಕಾನೂನಿನ ಹೆಸರು 'ಸೇವ್ ಅಮೆರಿಕಾಸ್ ಪಾಸ್‌ಟೈಮ್'. ಅಮೆರಿಕದ ಆಟ ಉಳಿಸಿ ಅಂತ! ಆಡುವವನ ಹೊಟ್ಟೆ ಕಟ್ಟಿ ಆಟ ಉಳಿಸುವುದು. 2021ರಲ್ಲಿ ತಂಡಗಳನ್ನು 160ರಿಂದ 120ಕ್ಕೆ ಇಳಿಸಿದರು. ಎಷ್ಟೋ ಸಣ್ಣ ಊರುಗಳ ತಂಡಕ್ಕೆ ಮೇಜರ್ ಲೀಗಿನ ನಂಟೇ ತಪ್ಪಿಹೋಯಿತು. 2022ರಲ್ಲಿ ಹುಡುಗರು ಯೂನಿಯನ್ ಸೇರಿದರು. 2023ರ ಒಪ್ಪಂದದಲ್ಲಿ ಡಬಲ್ ಎ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 13,800 ಡಾಲರಿನಿಂದ 30,250ಕ್ಕೆ ಏರಿತು. ಅಂದರೆ, ಅಲ್ಲಿಯವರೆಗೆ ನಿಮ್ಮ ಮುಂದೆ ಆಡುತ್ತಿದ್ದವರ ಕನಿಷ್ಠ ವರಮಾನ ಆ 13,800 ಡಾಲರ್. ನಿಮ್ಮ ನಾಲ್ಕು ಜನರ ಮೂರು ವರ್ಷದ ಚರ್ಚೆಯಲ್ಲಿ ಇದು ಒಂದು ಸಲವಾದರೂ ಬಂತಾ?

ನಮ್ಮಲ್ಲಿ ಏನು ಕಮ್ಮಿ ಇಲ್ಲ. 2024ರ ನವೆಂಬರಿನಲ್ಲಿ ವೈಭವ್ ಸೂರ್ಯವಂಶಿಯನ್ನು ಐಪಿಎಲ್ ಹರಾಜಿನಲ್ಲಿ 1.10 ಕೋಟಿಗೆ ಕೂಗಿದಾಗ ಅವನಿಗೆ ಹದಿಮೂರು. ಮುಂದಿನ ಏಪ್ರಿಲ್‌ನಲ್ಲಿ 35 ಎಸೆತಕ್ಕೆ ನೂರು ಹೊಡೆದ. ನಾನೂ ಕುರ್ಚಿಯಿಂದ ಎದ್ದು ಕುಣಿದೆ, ಸುಳ್ಳು ಹೇಳಲ್ಲ. ಅವನ ವಾರಿಗೆಯ ಉಳಿದ ಹುಡುಗರ ಮನೆಗಳಲ್ಲಿ ಮಾರನೇ ದಿನ ಅಪ್ಪಂದಿರು ಏನು ಮಾತಾಡಿದರು ಅಂತ ಆಮೇಲೆ ಯೋಚನೆ ಬಂತು.

ಬೇರೆಯವರನ್ನು ಬೈದು ಏನು ಪ್ರಯೋಜನ? ಹಲವು ವರ್ಷದ ಹಿಂದೆ ನಾನೇ ದೀಪಾವಳಿ ಸಂಚಿಕೆಯಲ್ಲಿ 'ಭರವಸೆಯ ಹತ್ತು ಕಥೆಗಾರರು' ಅಂತ ಫೋಟೋ ಹಾಕಿ ಮೆರೆದೆ. ಎಲ್ಲರೂ ಇಪ್ಪತ್ತೈದರ ಒಳಗಿನವರು. ಇವತ್ತು ಬರೆಯುತ್ತಿರುವವರು ಮೂವರು. ಉಳಿದವರಲ್ಲಿ ಒಬ್ಬರು ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಯಾಕೆ ಬರೆಯೋದು ಬಿಟ್ಟಿರಿ ಅಂದೆ. "ಸಾರ್, ಆ ಪಟ್ಟೀಲಿ ಹೆಸರು ಬಂದ್ಮೇಲೆ ಪ್ರತಿ ಕಥೆಗೂ ಇದು ಆ ಹತ್ತರಲ್ಲಿ ಒಬ್ಬನ ಕಥೆ ಥರ ಇದೆಯಾ ಅಂತ ಅನ್ಸೋಕೆ ಶುರುವಾಯ್ತು" ಅಂದರು. ನಗುತ್ತಲೇ ಅಂದರು. ಅವರ ಬಸ್ ಬಂತು. ನಾನು ಕೊಡಬೇಕಾಗಿದ್ದ ಬಳೆ ಅವರು ಕೊಟ್ಟಿದ್ದಾರೆ ಅಂತ ಮನೆ ಸೇರುವವರೆಗೂ ಅನಿಸುತ್ತಿತ್ತು. ಆಮೇಲೆ ಅಂಥ ಪಟ್ಟಿ ಮಾಡಿಲ್ಲ. ಮಾಡಿ ಅಂತ ಜಾಹೀರಾತು ವಿಭಾಗದವರು ಪ್ರತಿವರ್ಷ ಕೇಳುತ್ತಾರೆ.

ನಿಮ್ಮ ಪಂಥಕ್ಕೆ ಬರೋಣ. ಕುಮಾರನಿಗೆ ಈಗ ಇಪ್ಪತ್ತಾರು. ಮಾರ್ಕ್ ಅಪೆಲ್ ಎಂಬ ಪಿಚರ್ 2013ರ ಡ್ರಾಫ್ಟಿನಲ್ಲಿ ಮೊದಲನೆಯವನು. ಭುಜ ಕೈಕೊಟ್ಟು 2018ರಲ್ಲಿ ಆಟವನ್ನೇ ಬಿಟ್ಟಿದ್ದ. ಮತ್ತೆ ಬಂದು 2022ರ ಜೂನಿನಲ್ಲಿ ಮೊದಲ ಸಲ ಮೇಜರ್ ಲೀಗಿನಲ್ಲಿ ಎಸೆದಾಗ ಅವನಿಗೆ ಮೂವತ್ತು. ಹಾಗಾಗಿ ಈಗಲೇ ಊಟಕ್ಕೆ ಟೇಬಲ್ ಹಿಡಿಯಬೇಡಿ. ತೀರಾ ಹಸಿವಾದರೆ ಬಿಲ್ಲನ್ನು ಅರ್ಧರ್ಧ ಮಾಡಿಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಪಟ್ಟಿಯಲ್ಲಿಲ್ಲದ ಒಬ್ಬ ಹುಡುಗನನ್ನು ಆರಿಸಿಕೊಂಡು, ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಅವನ ಆಟ ನೋಡಿ ನನಗೆ ಬರೆಯಿರಿ. ನಾಲ್ಕಲ್ಲ, ಎಂಟು ಪುಟ ಬರೆದರೂ ಹಾಕುತ್ತೇನೆ.

ಮತ್ತೆ ನಿಮ್ಮ ಮಗನನ್ನು ಆ ಈಜುಕೊಳದಿಂದ ಎಬ್ಬಿಸಬೇಡಿ. ಟವೆಲ್ ಮಾತ್ರ ಮರೆಯದೆ ತೆಗೆದುಕೊಂಡು ಹೋಗಿ.

— ಸಂ.