ಸಂಪಿನ ಬಾಯಿಯಿಂದ ಶುರು ಮಾಡಿ

ಪ್ರಶ್ನೆ: ನಕ್ಷೆ ಮಾಡಿಸಿದಾಗ ಮಗು ಇರಲಿಲ್ಲ. ಈಗ ಸ್ಲ್ಯಾಬ್ ಮುಗಿದಿದೆ, ಮಗು ಅಂಬೆಗಾಲಿಡುತ್ತಿದೆ, ಕಟ್ಟಡದಲ್ಲಿ ಎಲ್ಲಿ ನೋಡಿದರೂ ಅಪಾಯವೇ ಕಾಣುತ್ತದೆ. ಮೇಸ್ತ್ರಿ, ‘ಕೂಸು ನಾಳೆ ದೊಡ್ಡದಾಗ್ತದ, ಅದರ ಸಲುವಾಗಿ ಮನಿ ಬದಲಿ ಮಾಡಬ್ಯಾಡ್ರಿ’ ಅಂತಾರೆ. ಏನು ಮಾಡಲಿ?
– ಓದುಗರು, ಕಲಬುರಗಿ

ಸಂಪಾದಕರ ಉತ್ತರ: ಮೇಸ್ತ್ರಿ ಮಾತು ಅರ್ಧ ನಿಜ. ಕಪಾಟಿನ ಚಿಲಕ, ಮೇಜಿನ ಮೂಲೆ ಯಾವಾಗ ಬೇಕಾದರೂ ಸರಿಮಾಡಬಹುದು. ಗಿಲಾಯಿ (ಪ್ಲಾಸ್ಟರ್), ಫರಸಿ (ನೆಲದ ಹಾಸುಗಲ್ಲು) ಆದಮೇಲೆ ಒಡೆಯಬೇಕಾಗುವುದನ್ನು ಮಾತ್ರ ಈಗ ನೋಡಿ.

ಮೊದಲು ಸಂಪು. ನಳ ದಿನಾ ಬಾರದ ಕಡೆ ಅದಿಲ್ಲದೆ ನಡೆಯದು. ಆದರೆ ತಗಡಿನ ಮುಚ್ಚಳ ತುಕ್ಕು ಹಿಡಿದು ಕೀಲು ಕಳಚುತ್ತದೆ. ಟ್ಯಾಂಕರ್ ಬಂದಾಗ ಪೈಪು ಇಳಿಬಿಟ್ಟು ಮುಚ್ಚಳ ಅರ್ಧ ತೆರೆದೇ ಉಳಿಯುತ್ತದೆ. ಬಾಯಿಯ ಸುತ್ತ 9 ಇಂಚಿನ ಕಟ್ಟೆ ಕಟ್ಟಿಸಿ, ಮಳೆನೀರೂ ಒಳಹೋಗದು. 3 ಮಿ.ಮೀ. ದಪ್ಪದ ಚೆಕರ್ ಪ್ಲೇಟಿನ (ಮೇಲೆ ಉಬ್ಬುಗೆರೆ ಇರುವ ಉಕ್ಕಿನ ಹಾಳೆ) ಮುಚ್ಚಳ, ಬೀಗ ಇರಲಿ. ಅದರ ಕೆಳಗೆ 12 ಮಿ.ಮೀ. ಸಳಿಯ ಜಾಲರಿ, ಸಂದು 4 ಇಂಚು ಮೀರದಂತೆ. ನೀರು ತುಂಬಲು ಬೇರೆಯೇ 4 ಇಂಚಿನ ಪೈಪು, ಮೇಲೆ ಕ್ಯಾಪು ಇಟ್ಟರೆ ಮುಚ್ಚಳ ತೆರೆಯುವ ಪ್ರಸಂಗವೇ ಬರದು.

ಮಾಳಿಗೆಯ ಪ್ಯಾರಾಪೆಟ್ 4 ಅಡಿ ಇರಲಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವ ನಮ್ಮ ಕಡೆ ಗೋಡೆಗೆ ಒತ್ತಿ ಮಂಚ ಹಾಕುತ್ತಾರೆ. ಮೂರಡಿ ಗೋಡೆ ಮಂಚದ ಮೇಲೆ ನಿಂತ ಮಗುವಿಗೆ ಒಂದೂವರೆ ಅಡಿ. ಚಂದಕ್ಕೆಂದು ಕೂರಿಸುವ ಜಾಲಿ ಇಟ್ಟಿಗೆಯ ತೂತು ಹತ್ತಲು ಮೆಟ್ಟಿಲಾಗುತ್ತದೆ. ಅಡ್ಡ ಪೈಪಿನ ಸ್ಟೀಲ್ ರೇಲಿಂಗೂ ಹಾಗೆಯೇ. ಉದ್ದ ಸಳಿ ಹಾಕಿಸಿ, ಸಂದು ಇಲ್ಲಿಯೂ 4 ಇಂಚಿನೊಳಗೆ. ಅದಕ್ಕಿಂತ ಅಗಲವಿದ್ದರೆ ಕಾಲು ಮುಂದಾಗಿ ಮೈ ನುಸುಳುತ್ತದೆ, ತಲೆ ಸಿಕ್ಕಿಬೀಳುತ್ತದೆ.

ಮೆಟ್ಟಿಲಲ್ಲಿ ಯೋಚಿಸಬೇಕಾದದ್ದು ಮಗುವನ್ನು ಎತ್ತಿಕೊಂಡು ಇಳಿಯುವವರ ಬಗ್ಗೆ, ಅವರಿಗೆ ತಮ್ಮ ಪಾದವೇ ಕಾಣದು. ನೆಲಕ್ಕೆ ಗಾರೆ, ಫರಸಿ ಸೇರಿ ಎರಡೂವರೆ ಇಂಚು ಏರುತ್ತದೆ, ಮೆಟ್ಟಿಲ ಮೇಲೆ ಒಂದೇ ಇಂಚು ಏರಿದರೆ ಕೆಳಗಿನ ಮೆಟ್ಟಿಲು ಒಂದೂವರೆ ಇಂಚು ಗಿಡ್ಡವಾಗುತ್ತದೆ, ಮೇಲಿನದು ಅಷ್ಟೇ ಎತ್ತರವಾಗುತ್ತದೆ. ಮುಗ್ಗರಿಸುವುದು ಅಲ್ಲೇ. ಫರಸಿ ಕೂರಿಸುವ ಮೊದಲೇ ಅಳತೆ ಹಾಕಿ, ಕಾಂಕ್ರೀಟಿನಲ್ಲೇ ಸರಿದೂಗಿಸಿ.

ಶಹಾಬಾದ್ ಕಲ್ಲು ಬಚ್ಚಲಿಗೂ ಅಂಗಳಕ್ಕೂ ಪಾಲಿಶ್ ಇಲ್ಲದ್ದೇ ಇರಲಿ. ಪಾಲಿಶ್ ಆದದ್ದು ಒದ್ದೆಯಾದರೆ ಜಾರುತ್ತದೆ. ಕಟ್ಟೆಯ ಅಂಚನ್ನು ಗುಂಡಗೆ ಉಜ್ಜಿಸಿ.

ವೈರಿಂಗ್‌ನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಕಡಿಯುವ ಸ್ವಿಚ್ಚು), ಶಟರ್ ಇರುವ, ಅಂದರೆ ಪಿನ್ನು ಹಾಕದಿದ್ದಾಗ ತೂತು ಮುಚ್ಚಿರುವ ಸಾಕೆಟ್ ಕೇಳಿ. ಬಚ್ಚಲ ಬಾಗಿಲಿಗೆ ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಿ ತೆರೆಯುವ ಲಾಕು ಸಿಗುತ್ತದೆ, ಅದನ್ನೇ ಹಾಕಿಸಿ.