ದ್ರವಚಲನೆಯ ಸಮೀಕರಣಗಳನ್ನು ಬಿಡಿಸಲು ಆಗುವುದೇ ಇಲ್ಲವೇ?

ನೇವಿಯರ್–ಸ್ಟೋಕ್ಸ್ ಸಮೀಕರಣಗಳಿಗೆ ಉತ್ತರವೇ ಇಲ್ಲವಂತೆ, ಮತ್ತೆ ವಿಮಾನದ ಲೆಕ್ಕ ಹಾಕುವುದು ಹೇಗೆ ಎಂದು ಕೇಳಿದ್ದೀರಿ. ಉತ್ತರವಿಲ್ಲ ಎಂದವರು ಅರ್ಧ ಕೇಳಿಸಿಕೊಂಡು ಹೇಳಿದ್ದಾರೆ. ನಾನು ಗಣಿತ ಪಾಠ ಮಾಡಿ ನಿವೃತ್ತನಾದವನು. ಈಗ ಕಾಸರಗೋಡಿನ ಬದಿಯಡ್ಕದ ಕಡೆ ಅಡಿಕೆ ತೋಟದಲ್ಲಿ ನೀರಿನ ಹಿಂದೆಯೇ ದಿನ ಹೋಗುತ್ತದೆ. ಹಾಗಾಗಿ ತೋಟದಿಂದಲೇ ಶುರು ಮಾಡುತ್ತೇನೆ.

ಅಡಿಕೆ ಬುಡಕ್ಕೆ ಹನಿ ನೀರು ಬಿಡುವ ಸಪೂರ ಪೈಪಿನ ಒಳವ್ಯಾಸ 1 ಮಿಲಿಮೀಟರ್. ಅದರಲ್ಲಿ ಗಂಟೆಗೆ 2 ಲೀಟರ್ ನೀರು ಹೋಗುತ್ತಿದ್ದರೆ ಸಮೀಕರಣವನ್ನು ಕಾಗದದ ಮೇಲೆಯೇ ಬಿಡಿಸಬಹುದು. ಗೋಡೆಗೆ ಅಂಟಿದ ನೀರಿನ ವೇಗ ಸೊನ್ನೆ, ನಟ್ಟನಡುವೆ ಗರಿಷ್ಠ. ವೇಗದ ನಕ್ಷೆ ಬರೆದರೆ ಪರವಲಯ. ಒತ್ತಡ ಅಷ್ಟೇ ಇದ್ದು ವ್ಯಾಸ ಅರ್ಧವಾದರೆ ಬರುವ ನೀರು ಅರ್ಧವಲ್ಲ, ಹದಿನಾರನೇ ಒಂದು ಪಾಲು. ಪೈಪಿನೊಳಗೆ ಪಾಚಿ ಕಟ್ಟಿದ ವರ್ಷ ಇದು ನನಗೆ ಚೆನ್ನಾಗಿಯೇ ಮನವರಿಕೆಯಾಯಿತು.

ಇನ್ನು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಬಾಯಿಯಿಂದ ಸೀಳಿದ ಅಡಿಕೆ ಮರದ ದಂಬೆಯಲ್ಲಿ ಬಂದು ಟಾಂಕಿಗೆ ಬೀಳುವ ನೀರು. ದಂಬೆಯ ತುದಿಯಲ್ಲಿ ಅದು ಗಾಜಿನಷ್ಟು ನಯ. ಒಂದು ಗೇಣು ಇಳಿಯುವಷ್ಟರಲ್ಲಿ ತಿರುಚಿಕೊಳ್ಳುತ್ತದೆ, ಟಾಂಕಿಗೆ ಬಿದ್ದಲ್ಲಿ ಸುಳಿಯೊಳಗೆ ಸುಳಿ. ಸಮೀಕರಣ ಮಾತ್ರ ಅದೇ: ನ್ಯೂಟನ್ನರ ಎರಡನೇ ನಿಯಮವನ್ನು ದ್ರವಕ್ಕೆ ಹೊಂದಿಸಿ ನೇವಿಯರ್ 1822ರಲ್ಲಿ, ಸ್ಟೋಕ್ಸ್ 1845ರಲ್ಲಿ ಬರೆದದ್ದು. ತಕರಾರೆಲ್ಲ ಅದರ ಒಂದು ಪದದ್ದು. ನೀರು ತನ್ನ ವೇಗವನ್ನು ತಾನೇ ಹೊತ್ತೊಯ್ಯುವುದರಿಂದ ವೇಗಕ್ಕೆ ವೇಗವೇ ಗುಣಿಸಿಕೊಳ್ಳುತ್ತದೆ. ಸಪೂರ ಪೈಪಿನ ನೇರ ಹರಿವಿನಲ್ಲಿ ಆ ಪದ ಸೊನ್ನೆ. ಟಾಂಕಿಯಲ್ಲಿ ಅದರದ್ದೇ ಯಜಮಾನಿಕೆ.

ಅಲ್ಲಿ ಸೂತ್ರ ಸಿಗುವುದಿಲ್ಲ, ಅಂಕಿ ಸಿಗುತ್ತದೆ. ಜಾಗವನ್ನು ಚಿಕ್ಕ ಚಿಕ್ಕ ಕೋಣೆಗಳಾಗಿ ಕತ್ತರಿಸಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಕೋಣೆಗಿಂತ ಸಣ್ಣ ಸುಳಿಗಳನ್ನು ಅಂದಾಜಿಗೆ ಬಿಡುತ್ತದೆ. ವಿಮಾನದ ರೆಕ್ಕೆಯ ಲೆಕ್ಕವೂ ಮಳೆಯ ಮುನ್ಸೂಚನೆಯೂ ನಡೆಯುವುದು ಹೀಗೆ.

ಕ್ಲೇ ಗಣಿತ ಸಂಸ್ಥೆ 2000ದಲ್ಲಿ 10 ಲಕ್ಷ ಡಾಲರ್ ಬಹುಮಾನ ಇಟ್ಟದ್ದು ಸೂತ್ರಕ್ಕಲ್ಲ. ನಯವಾಗಿ ಹೊರಟ ಹರಿವು ಎಂದೆಂದಿಗೂ ನಯವಾಗಿಯೇ ಉಳಿಯುತ್ತದೆಯೇ, ಅಥವಾ ಯಾವುದೋ ಸುಳಿ ಎಳೆದಷ್ಟೂ ಸಪೂರವಾಗುತ್ತ, ಬಿರುಸಾಗುತ್ತ, ನಿಗದಿತ ಗಳಿಗೆಯಲ್ಲಿ ವೇಗ ಅನಂತಕ್ಕೆ ಮುಟ್ಟೀತೇ? ಎರಡರಲ್ಲಿ ಒಂದನ್ನು ಸಾಧಿಸಿ ತೋರಿಸಬೇಕು. ಚಪ್ಪಟೆ ಎರಡು ಆಯಾಮದಲ್ಲಿ ಸುಳಿಯನ್ನು ಎಳೆದು ಸಪೂರ ಮಾಡಲು ಜಾಗವೇ ಇಲ್ಲ. ಅಲ್ಲಿಯ ಪ್ರಶ್ನೆಯನ್ನು ಓಲ್ಗಾ ಲೇಡಿಝೆನ್ಸ್ಕಾಯಾ ಇತ್ಯರ್ಥ ಮಾಡಿದ್ದಾರೆ. ಮೂರು ಆಯಾಮದಲ್ಲಿ, ಸ್ವಲ್ಪ ಸಡಿಲವಾದ ಅರ್ಥದಲ್ಲಿ ಪರಿಹಾರ ಯಾವಾಗಲೂ ಇದೆ ಎಂದು ಝಾನ್ ಲೆರೇ 1934ರಲ್ಲೇ ತೋರಿಸಿದರು. ಅದು ನಯವಾಗಿಯೇ ಇರುತ್ತದೆಯೇ ಎಂಬುದು ಬಾಕಿ.

ನನ್ನ ಅನಿಸಿಕೆಯೇ? ಕೊನೆಗೆ ಸ್ನಿಗ್ಧತೆ, ಅಂದರೆ ದ್ರವದ ಅಂಟುಗುಣ, ಗೆಲ್ಲುತ್ತದೆ, ಸುಳಿಯನ್ನು ಹಿಡಿದು ನಿಲ್ಲಿಸುತ್ತದೆ ಎಂದು ತರಗತಿಯಲ್ಲಿ ಧೈರ್ಯವಾಗಿ ಹೇಳುತ್ತಿದ್ದೆ. 2014ರಲ್ಲಿ ಗಣಿತಜ್ಞ ಟೆರೆನ್ಸ್ ಟಾವೊ ಸಮೀಕರಣವನ್ನು ತುಸು ಬದಲಿಸಿ, ಶಕ್ತಿಯ ಲೆಕ್ಕವನ್ನು ಹಾಗೆಯೇ ಉಳಿಸಿಕೊಂಡು, ವೇಗ ಅನಂತಕ್ಕೆ ಹೋಗುವ ಮಾದರಿಯೊಂದನ್ನು ಕಟ್ಟಿ ತೋರಿಸಿದರು. ಶಕ್ತಿಯ ಲೆಕ್ಕವೊಂದನ್ನೇ ನೆಚ್ಚಿಕೊಂಡು ಹೊರಟವರ ದಾರಿಗೆ ಅಲ್ಲಿ ಬೇಲಿ ಬಿತ್ತು. ಆ ಮೇಲೆ ನಾನು ಆ ಮಾತನ್ನು ಮೆಲ್ಲಗೆ ಹೇಳತೊಡಗಿದೆ.